ಮಸೀದಿಗೆ ಬರುವ ಹಣ ಮತ್ತು ನಗರದ ಬಡವರ ದುಡಿಮೆ: ಟಿಪ್ಪಣಿ

ನಗರದ ಬಡವರ ಆರ್ಥಿಕ ಏಳಿಗೆಯಲ್ಲಿ ಮಸೀದಿಯ ಪಾತ್ರವೇನು ಎಂದು ಕೇಳಿದರೆ ಹೆಚ್ಚಿನವರು ‘ಝಕಾತ್ (ಉಳ್ಳವರು ಕಡ್ಡಾಯವಾಗಿ ಕೊಡಬೇಕಾದ ದಾನ) ಹಂಚುತ್ತದೆ’ ಎಂದು ಬರೆದು ಮುಗಿಸುತ್ತಾರೆ. ಅದು ಅರ್ಧ ಉತ್ತರ. ಮಸೀದಿಗೆ ಬರುವ ಹಣ ಹಲವು ಬಗೆಯದು, ಒಂದೊಂದಕ್ಕೂ ಬೇರೆ ಕಟ್ಟಳೆ. ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿದ ಕಡೆಯೇ ಲೆಕ್ಕ ಕೆಡುತ್ತದೆ.

ಝಕಾತ್: ನಿಸಾಬ್‌ನಷ್ಟು (ಝಕಾತ್ ಕಡ್ಡಾಯವಾಗುವ ಕನಿಷ್ಠ ಮಿತಿ, ಸುಮಾರು 85 ಗ್ರಾಂ ಚಿನ್ನದ ಬೆಲೆ) ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ 2.5%. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಕ್ಯಾಲೆಂಡರ್ ವರ್ಷಕ್ಕೆ ಲೆಕ್ಕ ಹಾಕುವವರು ಸುಮಾರು 2.58% ಹಿಡಿಯಬೇಕು. ಯಾರಿಗೆ ಸಲ್ಲಬೇಕೆಂಬ ಎಂಟು ವರ್ಗಗಳು ಕುರ್‌ಆನಿನ 9:60ರಲ್ಲಿವೆ (9ನೇ ಅಧ್ಯಾಯ, 60ನೇ ವಚನ). ಸಾಲದಲ್ಲಿ ಮುಳುಗಿದವರೂ ಅದರಲ್ಲಿ ಸೇರಿದ್ದಾರೆ. ಹನಫಿ ಪಂಥದಲ್ಲಿ (ಇಸ್ಲಾಮಿನ ಧರ್ಮಶಾಸ್ತ್ರದ ಪಂಥಗಳಲ್ಲೊಂದು) ಪಡೆಯುವವರಿಗೆ ಪೂರ್ತಿ ಒಡೆತನ ಸಿಗಬೇಕು. ಬಡ ಹೆಂಗಸಿಗೆ ಹೊಲಿಗೆ ಯಂತ್ರ ಕೊಡಿಸಿದರೆ ಅದು ಆಕೆಯ ಸ್ವತ್ತು, ‘ಮಸೀದಿಯದು, ನೀನು ಬಳಸಿಕೋ’ ಎನ್ನುವಂತಿಲ್ಲ. ಗೋಡೆಗೆ ಸುಣ್ಣ ಬಳಿಯಲೂ ಈ ಹಣ ಸಲ್ಲದು.

ಸದಕಾ ಸ್ವಇಚ್ಛೆಯ ದಾನ, ಹೆಚ್ಚು ಸಡಿಲ. ಬೇರೆ ಧರ್ಮದ ನೆರೆಯವರಿಗೂ ಕೊಡಬಹುದು. ವಕ್ಫ್‌ನಲ್ಲಿ, ಅಂದರೆ ಧರ್ಮಕಾರ್ಯಕ್ಕೆ ಶಾಶ್ವತವಾಗಿ ಮೀಸಲಿಟ್ಟ ಆಸ್ತಿಯಲ್ಲಿ, ಅಸಲನ್ನು ಮುಟ್ಟುವಂತಿಲ್ಲ, ಆದಾಯ ಮಾತ್ರ ಖರ್ಚಿಗೆ. ಅಂಗಡಿ ಮಳಿಗೆಗಳ ಬಾಡಿಗೆ ಹಳೆಯ ದರದಲ್ಲೇ ನಿಂತುಬಿಟ್ಟರೆ, ರಿಪೇರಿಗೆಂದು ಏನೂ ತೆಗೆದಿಡದಿದ್ದರೆ, ಆಸ್ತಿ ಹೆಸರಿಗಷ್ಟೇ ಉಳಿಯುತ್ತದೆ.

ನಿಜವಾದ ಬಲ ಇರುವುದು ಕರ್ಝೆ ಹಸನಾದಲ್ಲಿ, ಅಂದರೆ ಬಡ್ಡಿಯಿಲ್ಲದ ಸಾಲದಲ್ಲಿ. ಝಕಾತ್ ಪಡೆದವರ ಸ್ವತ್ತಾಗುವುದರಿಂದ ವಾಪಸ್ ಕೇಳುವಂತಿಲ್ಲ, ಹಾಗಾಗಿ ನಿಧಿಯನ್ನು ಸದಕಾದಿಂದ ಕಟ್ಟುವುದು ಸುರಕ್ಷಿತ. ಲೆಕ್ಕ ಹೀಗೆ: ನಿಧಿ 100 ಪಾಲು, ಹತ್ತು ಜನಕ್ಕೆ ತಲಾ 10, ತಿಂಗಳಿಗೆ ಒಂದು ಪಾಲಿನಂತೆ ಹತ್ತು ಕಂತು. ಮೊದಲ ತಿಂಗಳು 10 ಪಾಲು ವಾಪಸ್ ಬಂದು ಹನ್ನೊಂದನೆಯವರಿಗೆ ಸಾಲ ಸಿಗುತ್ತದೆ. ಇಬ್ಬರು ಕಂತು ತಪ್ಪಿಸಿದರೆ ಬರುವುದು 8. ಆ ತಿಂಗಳು ಸರದಿಯಲ್ಲಿದ್ದವರು ಕಾಯಬೇಕು. ಬಡ್ಡಿಯಿಲ್ಲದ ಕಡೆ ತಪ್ಪಿದ ಕಂತಿನ ಪೆಟ್ಟು ನೇರವಾಗಿ ಮುಂದಿನವರಿಗೆ. ಕಾಗದ, ಗುಮಾಸ್ತರ ಖರ್ಚಿಗೆ ಆದಷ್ಟೇ ಶುಲ್ಕ ಪಡೆಯಲು ಅನೇಕ ವಿದ್ವಾಂಸರು ಒಪ್ಪುತ್ತಾರೆ. ಸಾಲದ ಮೊತ್ತ ಏರಿದಂತೆ ಶುಲ್ಕವೂ ಏರಿದರೆ ಅದು ಬಡ್ಡಿಯ ಬಾಗಿಲು.

2001ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಶುರುವಾದ, ಬಡ್ಡಿಯಿಲ್ಲದ ಕಿರುಸಾಲ ಕೊಡುವ ಅಖುವತ್ ಸಂಸ್ಥೆ ಈ ದಾರಿಯ ಹೆಸರಾಂತ ಉದಾಹರಣೆ. ಸಾಲ ವಿತರಣೆ ಮಸೀದಿಗಳಲ್ಲಿ, ಚರ್ಚುಗಳಲ್ಲೂ, ಎಲ್ಲರ ಎದುರು. ಕಚೇರಿಯ ಖರ್ಚು ಉಳಿಯಿತು, ಯಾರಿಗೆ ಎಷ್ಟು ಹೋಯಿತೆಂಬುದು ಎಲ್ಲರಿಗೂ ಗೊತ್ತಾಯಿತು. ಆದರೆ ಮಸೀದಿಯ ಒಳಗೆ ಹೆಂಗಸರು ಬಾರದ ಕಡೆ ಇದೇ ಪದ್ಧತಿ ತಿರುಗುಬಾಣ: ಸಾಲ ಆಕೆಯ ಹೆಸರಿನಲ್ಲಿ, ದುಡ್ಡು ಗಂಡನ ಜೇಬಿನಲ್ಲಿ. ಅಂಥಲ್ಲಿ ವಿತರಣೆಗೆ ಬೇರೆ ಕೋಣೆ, ಬೇರೆ ಹೊತ್ತು ಇಡಬೇಕು.

ಸಾಲವನ್ನು ಬರೆದಿಡಿ, ಸಾಕ್ಷಿ ಇರಲಿ ಎನ್ನುವುದು ಕುರ್‌ಆನಿನ 2:282. ಕಷ್ಟದಲ್ಲಿರುವವರಿಗೆ ಕಾಲಾವಕಾಶ ಕೊಡಿ ಎನ್ನುವುದು 2:280. ಎರಡನ್ನೂ ಜೊತೆಯಾಗಿ ಓದಬೇಕು: ಗಡುವು ಮುಂದೂಡುವ ತೀರ್ಮಾನವೂ ಪುಸ್ತಕದಲ್ಲಿ ದಾಖಲಾಗಬೇಕು, ಬಾಯಿಮಾತು ಸಾಲದು. ವಸೂಲಿಯ ಕೆಲಸವನ್ನು ಮಾತ್ರ ಇಮಾಮರಿಗೆ ಹಚ್ಚಬಾರದು. ಹಚ್ಚಿದರೆ ಕಂತು ಕಟ್ಟಲಾಗದವರು ಅವರಿಗೆ ಮುಖ ತೋರಿಸಲು ಅಂಜಿ ಜುಮಾ (ಶುಕ್ರವಾರದ) ನಮಾಝಿಗೆ ಬರುವುದನ್ನೇ ಬಿಡುತ್ತಾರೆ.