ಆ ಬೂಷ್ಟು ನಮ್ಮ ತೋಟಕ್ಕೂ ಬಂದು ಬಿಡುತ್ತಾ?

ಪ್ರಶ್ನೆ: ಬೂಷ್ಟಿನ ಜೀನ್ ತಿದ್ದಿ ಅದರಿಂದ ಫಂಗಸ್ ಕೊಲ್ಲುವ ಪ್ರೋಟೀನ್ ತೆಗೀತಾರಂತೆ. ಅದನ್ನ ಸಿಂಪಡಿಸಿದ್ರೆ ಆ ಬೂಷ್ಟೇ ತೋಟದಲ್ಲಿ ಹಬ್ಬಲ್ವಾ? ಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ ಹಾಕ್ತೀವಲ್ಲ, ಇದೂ ಅದೇ ತಾನೇ?

ಕೊಡಗಿನಲ್ಲಿ ಈ ಮಾತು ಎತ್ತಿದರೆ ಸಾಕು, ಮೊದಲು ಬರೋದೇ ಈ ಪ್ರಶ್ನೆ.

ಹಬ್ಬಲ್ಲ. ಟ್ರೈಕೋಡರ್ಮಾ ಕೊಡುವಾಗ ನೀವು ಜೀವಂತ ಶಿಲೀಂಧ್ರವನ್ನೇ ಸಗಣಿ ಗೊಬ್ಬರದಲ್ಲಿ ಬೆರೆಸಿ ಕೊಡುತ್ತೀರಿ, ಮಣ್ಣಲ್ಲಿ ಹಬ್ಬಲಿ ಅಂತಲೇ ಕೊಡೋದು. ಇಲ್ಲಿ ಬೂಷ್ಟು ಫ್ಯಾಕ್ಟರಿಯ ಟ್ಯಾಂಕು ಬಿಟ್ಟು ಹೊರಗೆ ಬರೋದಿಲ್ಲ. ಅದು ಸುತ್ತಲಿನ ನೀರಿಗೆ ಪ್ರೋಟೀನ್ ಬಿಡುತ್ತದೆ, ಆ ನೀರನ್ನು ಸೋಸಿ, ಬೂಷ್ಟನ್ನು ಆಚೆಗಿಟ್ಟು, ಪ್ರೋಟೀನನ್ನಷ್ಟೇ ಶುದ್ಧ ಮಾಡಿಕೊಳ್ಳುತ್ತಾರೆ. ಪ್ರೋಟೀನಿಗೆ ಬೀಜಕಣ ಇಲ್ಲ, ತಾನಾಗಿ ಹೆಚ್ಚೋದಿಲ್ಲ. ಇದು ಹೊಸ ಪದ್ಧತಿಯೂ ಅಲ್ಲ. ಚೀಸ್ ಮಾಡಲು ಹಾಲು ಒಡೆಸುವ ಕೈಮೋಸಿನ್ ಎಂಬ ಕಿಣ್ವವನ್ನು ಎಷ್ಟೋ ಕಡೆ ಹೀಗೆ ತಿದ್ದಿದ ಬೂಷ್ಟಿನಿಂದಲೇ ತೆಗೆಯುತ್ತಾರೆ. ಗೋಣಿಕೊಪ್ಪದಲ್ಲಿ ಪಿಜ್ಜಾ ತಿಂದವರ ಹೊಟ್ಟೆಯಲ್ಲಿ ಬೂಷ್ಟು ಬೆಳೆದಿಲ್ಲ, ಅಲ್ವಾ?

ಈಗ ಈ ಪ್ರೋಟೀನ್ ಏನು ವಸ್ತು ಅಂತ ನೋಡೋಣ. ಕುಯ್ದಿಟ್ಟ ಕಿತ್ತಳೆ ಕೊಳೆಯೋದನ್ನು ಗಮನಿಸಿರುತ್ತೀರಿ. ಸಿಪ್ಪೆಗೆ ಎಲ್ಲೋ ಉಗುರು ತಾಗಿದ ಕಡೆ ಮೊದಲು ನೀರು ನೀರಾಗಿ ಮೆತ್ತಗಾಗುತ್ತದೆ, ಆಮೇಲೆ ಬಿಳಿ ಬೂಷ್ಟು, ಅದರ ನಡುವೆ ಪಾಚಿ ಬಣ್ಣದ ಪುಡಿ. ಬುಟ್ಟಿ ಅಲ್ಲಾಡಿಸಿದರೆ ಪುಡಿ ಹಾರಿ ಪಕ್ಕದ ಹಣ್ಣಿಗೂ ಕೂರುತ್ತದೆ. ಇದರ ಹೆಸರು ಪೆನಿಸಿಲಿಯಂ ಡಿಜಿಟಾಟಂ. ಮಜಾ ಏನಂದರೆ, ತನ್ನನ್ನೇ ಕೊಲ್ಲುವಂಥ ಪ್ರೋಟೀನಿನ ಜೀನ್ ಇದರೊಳಗೇ ಇದೆ! ಸುಮ್ನೆ ಬೆಳೆಯುವಾಗ ಆ ಪ್ರೋಟೀನನ್ನು ಅದು ಮಾಡೋದೇ ಕಾಣಿಸೋದಿಲ್ಲ. ಸ್ಪೇನಿನ ವಿಜ್ಞಾನಿಗಳು ಜೀನ್ ತಿದ್ದಿ ಮಾಡಿಸಿದಾಗ ಅದೇ ಬೂಷ್ಟಿನ ಮೇಲೆ ಜೋರಾಗಿ ಕೆಲಸ ಮಾಡಿತು. 2017ರಲ್ಲಿ ಅದು ಪ್ರಕಟವಾಯಿತು.

ಇಂಥ ಪ್ರೋಟೀನುಗಳು ತುಂಬಾ ಚಿಕ್ಕವು. ಪೆನಿಸಿಲಿಯಂ ಕ್ರೈಸೋಜೀನಂ ಎಂಬ ಇನ್ನೊಂದು ಬೂಷ್ಟು ಮಾಡುವ ಪಿಎಎಫ್ ಎಂಬ ಪ್ರೋಟೀನಿನಲ್ಲಿ ಇರೋದು 55 ಅಮೈನೋ ಆಮ್ಲ ಮಾತ್ರ. ಒಳಗೊಳಗೇ ಗಂಧಕದ ಕೊಂಡಿಗಳಿಂದ ಬಿಗಿದುಕೊಂಡಿರುವುದರಿಂದ ಸ್ವಲ್ಪ ಬಿಸಿಗೆ, ಹುಳಿಗೆಲ್ಲ ಬೇಗ ಹಾಳಾಗೋದಿಲ್ಲ.

ಹಾಗಾದರೆ ಜೀನ್ ತಿದ್ದೋದು ಯಾಕೆ, ಇದ್ದ ಬೂಷ್ಟನ್ನೇ ಬೆಳೆಸಿದರೆ ಆಗಲ್ವಾ? ನನ್ನ ಪ್ರಕಾರ ಇದೇ ಮುಖ್ಯವಾದ ಪ್ರಶ್ನೆ, ಆದರೆ ಇದನ್ನು ಕೇಳುವವರು ಕಡಿಮೆ. ಒಳ್ಳೆ ಪ್ರೋಟೀನ್ ಇರುವ ಬೂಷ್ಟುಗಳು ಎಷ್ಟೋ ಸಲ ಕೆಟ್ಟವು. ಸೇಬು ಕೊಳೆಸುವ ಪೆನಿಸಿಲಿಯಂ ಎಕ್ಸ್‌ಪ್ಯಾನ್ಸಂ ಪಾಟುಲಿನ್ ಎಂಬ ವಿಷ ಮಾಡುತ್ತದೆ. ಅದರದೇ ಒಂದು ಪ್ರೋಟೀನ್ ಪ್ರಯೋಗದಲ್ಲಿ ಕಿತ್ತಳೆಯ ಹಸಿರು ಬೂಷ್ಟನ್ನು ತಡೆದಿದೆ. ಆಸ್ಪರ್ಜಿಲಸ್ ಜೈಗ್ಯಾಂಟಿಯಸ್ ಎಂಬ ಬೂಷ್ಟಿನ ಕಥೆಯೂ ಅಷ್ಟೇ, ಎಎಫ್‌ಪಿ ಎಂಬ ಒಳ್ಳೆ ಪ್ರೋಟೀನಿನ ಜೊತೆಗೆ ಜೀವಕೋಶಗಳನ್ನು ಕೊಲ್ಲುವ ಸಾರ್ಸಿನ್ ಎಂಬ ವಿಷವನ್ನೂ ಬಿಡುತ್ತದೆ. ಅದಕ್ಕೇ ಬೇಕಾದ ಜೀನ್ ಮಾತ್ರ ತೆಗೆದು, ಪೆನ್ಸಿಲಿನ್ ಕಾರ್ಖಾನೆಗಳಲ್ಲಿ ದಶಕಗಳಿಂದ ಪಳಗಿರುವ ಕ್ರೈಸೋಜೀನಂಗೆ ಹಾಕೋದು. ಅದರ ಸ್ವಂತ ಪಿಎಎಫ್ ಜೀನ್ ತೆಗೆದುಬಿಟ್ಟು, ಆ ಜೀನನ್ನು ಚಾಲೂ ಮಾಡುವ ಸ್ವಿಚ್ಚಿಗೆ ಹೊಸ ಜೀನ್ ಜೋಡಿಸುತ್ತಾರೆ. ಬ್ಯಾಕ್ಟೀರಿಯಾದಲ್ಲೂ ಮಾಡಿಸಬಹುದು, ಆದರೆ ಆ ಗಂಧಕದ ಕೊಂಡಿಗಳು ಸರಿಯಾಗಿ ಕೂರದೆ ಪ್ರೋಟೀನ್ ಕೆಲಸಕ್ಕೆ ಬಾರದೆ ಹೋಗುವುದು ಜಾಸ್ತಿ. ಬೂಷ್ಟಾದರೆ ಸರಿಯಾಗಿ ಮಡಚಿ ಹೊರಗೆ ಬಿಡುತ್ತದೆ. ಪೆನ್ಸಿಲಿನ್ ಅಂಶ ಉಳಿಯದ ಹಾಗೆ ನೋಡಿಕೊಳ್ಳಬೇಕು, ಅದು ಬೇರೆ ಕೆಲಸ.

ನಮ್ಮ ಬೆಳೆಗೆ ಉಪಯೋಗ ಇದೆಯಾ? ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮೆಣಸಿನ ಬಳ್ಳಿಯನ್ನು ದಿಢೀರ್ ಸೊರಗಿಸುವ ಫೈಟಾಫ್ಥೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಅದರ ಕೋಶದ ಗೋಡೆಯೇ ಬೇರೆ ಥರ. ಬೂಷ್ಟಿನ ಮೇಲೆ ಕೆಲಸ ಮಾಡಿದ್ದು ಅದರ ಮೇಲೂ ಮಾಡುತ್ತದೆ ಅಂತ ಹೇಳೋಕಾಗಲ್ಲ. ಕಾಫಿಯ ಎಲೆ ತುಕ್ಕು, ಕಾಫಿಯ ಕೊಳೆರೋಗ ಎರಡೂ ಶಿಲೀಂಧ್ರವೇ ಹೌದು. ಆದರೆ ತುಕ್ಕು ಬದುಕೋದು ಜೀವಂತ ಎಲೆಯ ಮೇಲೆ ಮಾತ್ರ, ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ಪರೀಕ್ಷೆ ಮಾಡೋಕೆ ಆಗೋದಿಲ್ಲ. ಜೊತೆಗೆ ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ. ನೀರಲ್ಲಿ ಕರಗುವ ಪ್ರೋಟೀನ್ ಎಲೆ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ? ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ಹಾಗಲ್ಲ, ಎಲೆಗೆ ಅಂಟಿಕೊಂಡು ಕೂರುತ್ತದೆ. ಅದರ ತಾಮ್ರ ಮಾತ್ರ ಕರಗಿ ಮಾಯವಾಗದೆ ವರ್ಷ ವರ್ಷ ಮಣ್ಣಲ್ಲೇ ಉಳಿಯುತ್ತದೆ ಅನ್ನೋದು ನಿಜವಾದ ತೊಂದರೆ, ಬೇರೆ ದಾರಿ ಹುಡುಕುತ್ತಿರುವುದಕ್ಕೆ ಅದೂ ಒಂದು ಕಾರಣ.

ಹಾಗಾಗಿ ಮೊದಲ ಉಪಯೋಗ ಕುಯ್ದ ಹಣ್ಣಿಗೇ ಆಗಬಹುದು ಅಂತ ನನಗನ್ನಿಸುತ್ತದೆ. ಗೋದಾಮಿನೊಳಗೆ ಮಳೆ ಇಲ್ಲ, ಅದ್ದಿ ತೆಗೆದರೆ ಸಾಕು.

ಇನ್ನೊಂದು ಮಾತು. ನಮ್ಮ ದೇಶದಲ್ಲಿ ಬೆಳೆಗೆ ಹೊಡೆಯುವ ಶಿಲೀಂಧ್ರನಾಶಕಕ್ಕೆ 1968ರ ಕೀಟನಾಶಕ ಕಾಯ್ದೆ ಪ್ರಕಾರ ನೋಂದಣಿ ಆಗಿರಲೇಬೇಕು. ಯಾರಾದರೂ ಹೊಸ ಪ್ರೋಟೀನ್ ಔಷಧಿ ಅಂತ ಬಾಟಲಿ ಹಿಡಿದು ತೋಟದ ಗೇಟಿಗೆ ಬಂದರೆ, ಬೆಲೆ ಕೇಳುವ ಮೊದಲು ಲೇಬಲ್ ಮೇಲಿನ ನೋಂದಣಿ ಸಂಖ್ಯೆ ನೋಡಿ. ಈ ಮುಂಗಾರಿಗಂತೂ ಬೋರ್ಡೋ ಡ್ರಮ್ಮು ತೊಳೆದಿಟ್ಟುಕೊಳ್ಳಿ.