ಫ್ಯಾನ್ ತಿರಗಿದ್ರ ಮಳಿ ಇಲ್ಲ, ನಿಂತ್ರ ಮಳಿ

ಗಾಳಿ ಅಳಿಯೋದು ನನ್ನ ನೌಕರಿ. ಹಂಗಂದ್ರ ಹುಬ್ಬಳ್ಳಿಯೊಳಗ ನಮ್ಮ ಓಣಿ ಮಂದಿ ನಗ್ತಾರ, ಗಾಳಿ ಏನ್ ಅಳೀತಿಯೋ ಮಾರಾಯಾ ಅಂತ, ಆದ್ರ ಖರೇನ ಅದ ಕೆಲಸ. ಒಂದು ಗುಡ್ಡದ ಮ್ಯಾಲೆ ಕರೆಂಟ್ ಮಾಡೋ ಗಾಳಿ ಫ್ಯಾನ್ ನಿಲ್ಲಸ್ಬೇಕಂದ್ರ ವರ್ಷ ಎರಡು ವರ್ಷ ಮೊದ್ಲ ನಾವು ಹೋಗಿ 100 ಮೀಟರ್ ಎತ್ತರದ ಒಂದು ಸಣಕಲು ಕಂಬ ನಿಲ್ಲಸ್ತೀವಿ, ಅದಕ್ಕ ಮಾಸ್ಟ್ ಅಂತೀವಿ, ಸುತ್ತಲೂ ತಂತಿ ಬಿಗದು, ಅದರ ಮೈಗೆ ಬ್ಯಾರೆ ಬ್ಯಾರೆ ಎತ್ತರದಾಗ ಮೂರು ಮೂರು ಬಟ್ಲ ಇರೋ ಚಕ್ರ ಕಟ್ತೀವಿ, ಗಾಳಿ ಬಡದಂಗ ಆ ಬಟ್ಲ ಗರಗರ ತಿರಗ್ತಾವ, ಕೆಳಗ ಒಂದು ಡಬ್ಬಿಯೊಳಗ ಹತ್ತು ನಿಮಿಷಕ್ಕೊಮ್ಮೆ ಲೆಕ್ಕ ಬರಕೋತ ಹೋಗ್ತೈತಿ. ಆಗಾಗ ಹೋಗಿ ನೋಡಿಕೊಂಡು ಬರೋದು, ತಂತಿಗೆ ಯಾರರ ಎಮ್ಮಿ ಕಟ್ಟಿದ್ರ ಬಿಚ್ಚಸೋದು. ಇದು ಚಾಷ್ಟಿ ಅಲ್ರಿ, ಒಮ್ಮೆ ಎಮ್ಮಿ ಮೈ ತಿಕ್ಕಿ ತಿಕ್ಕಿ ತಂತಿ ಸಡ್ಲ ಮಾಡಿಟ್ಟಿತ್ತು.

ಗದಗ, ಮುಂಡರಗಿ, ಶಿರಹಟ್ಟಿ ಕಡೆ ಯಾವ ಹಳ್ಳಿ ಚಾದಂಗಡಿಯೊಳಗ ಕುಂತ್ರೂ ನನಗ ಮೊದ್ಲ ಬರೋ ಮಾತು ಒಂದ. "ಸಾಹೇಬ್ರ, ನಿಮ್ಮ ಫ್ಯಾನ್ ಬಂದ್ವು, ನಮ್ಮ ಮಳಿ ಹೋತು." ಕೆಲವ್ರು ರೆಕ್ಕಿ ಮ್ವಾಡ ಕಡೀತಾವ ಅಂತಾರ, ಕೆಲವ್ರು ಮ್ವಾಡ ಮುಂದಕ್ಕ ದಬ್ಬತಾವ ಅಂತಾರ. ಮೊದ್ಲ ಮೊದ್ಲ ನಾನು ನಕ್ಕು, ಚಾ ಕುಡದು, ಕಾಲೇಜ್ ಮಾಸ್ತರ್ ಹಂಗ ಲೆಕ್ಕ ಹೇಳ್ತಿದ್ದೆ. ಆ ಲೆಕ್ಕ ತಪ್ಪಲ್ಲ, ಈಗೂ ಹೇಳ್ತೀನಿ, ಆದ್ರ ಅದರಿಂದ ಯಾರ ಮನಸ್ಸೂ ಬದಲಾಗಿಲ್ಲ, ಯಾಕ ಆಗಲಿಲ್ಲ ಅನ್ನೋದು ನನಗ ತಿಳಿಯಾಕ ಭಾಳ ದಿನ ಹಿಡೀತು.

ಲೆಕ್ಕ ಹಿಂಗ. ಎರಡು ಮೆಗಾವ್ಯಾಟಿನ ಒಂದು ಮಷೀನಿನ ರೆಕ್ಕಿ ತುದಿ ಅಗದೀ ಮ್ಯಾಲಕ್ಕ ಬಂದಾಗ ನೆಲದಿಂದ ಸುಮಾರು 150 ಮೀಟರ್. ಮಳಿ ಸುರಸೋ ಮ್ವಾಡದ ತಳಾನ ಸಾಮಾನ್ಯವಾಗಿ 500ರಿಂದ 1500 ಮೀಟರ್ ಮ್ಯಾಲೆ ಇರ್ತೈತಿ, ಗುಡುಗು ಮ್ವಾಡದ ತಲಿ 10 ಕಿಲೋಮೀಟರ್ ದಾಟ್ತೈತಿ. ಕಪ್ಪತಗುಡ್ಡದ ಮ್ಯಾಲೆ ಮಳಿಗಾಲದಾಗ ಕೆಲವೊಮ್ಮೆ ಮ್ವಾಡ ಗುಡ್ಡದ ನೆತ್ತಿಗೆ ಇಳದು ರೆಕ್ಕಿ ಅದರೊಳಗ ಮುಳಗಿ ಏಳೋದು ಕಾಣಸ್ತೈತಿ, ಅದನ್ನ ನೋಡಿದವ್ರಿಗೆ 'ಕಡೀತೈತಿ' ಅನಸೋದು ಸಹಜ. ಮತ್ತ ಶಕ್ತಿ ಲೆಕ್ಕ ತಗೊಳ್ರಿ. ನೀರಿನ ಆವಿ ತಣ್ಣಗಾಗಿ ಹನಿ ಆಗುವಾಗ ಬಿಸಿ ಹೊರಗ ಬಿಡ್ತೈತಿ, ಒಂದು ಲೀಟರಿಗೆ ಸುಮಾರು 25 ಲಕ್ಷ ಜೂಲ್. ನಿಮ್ಮ ಒಂದು ಎಕರೆ ಎರಿ ಹೊಲಕ್ಕ ಒಂದು ಸೆಂಟಿಮೀಟರ್ ಮಳಿ ಬಿತ್ತಂದ್ರ ಅದು 40 ಸಾವಿರ ಲೀಟರ್ ನೀರು, ಆ ನೀರು ಮ್ಯಾಲೆ ಹನಿ ಕಟ್ಟುವಾಗ ಬಿಟ್ಟ ಬಿಸಿ ಕರೆಂಟಿನ ಲೆಕ್ಕದಾಗ 28 ಸಾವಿರ ಯುನಿಟ್. ಅಷ್ಟು ಕರೆಂಟ್ ಮಾಡಾಕ ಆ ಮಷೀನ್ ಫುಲ್ ಲೋಡಿನ್ಯಾಗ 14 ತಾಸು ತಿರಗಬೇಕು. ಒಂದು ಎಕರೆಗೆ! ಒಂದು ಚದರ ಕಿಲೋಮೀಟರಿಗೆ ಅದ ಮಳಿ ಬಿದ್ರ ಒಂದು ಮಷೀನ್ ಇಡೀ ವರ್ಷ ದುಡದದ್ದಕ್ಕಿಂತ ಹೆಚ್ಚಾತು. ಇಂಥಾ ದೈತ್ಯನ್ನ ಮೂರು ರೆಕ್ಕಿ ಹೆಂಗ ತಡೀತಾವ್ರಿ?

ಎಲ್ಲಾ ರಾಡಿ ಆ ಹೆಸರಿಂದ ಅಂತ ನನಗ ಅನಸ್ತೈತಿ. ಫ್ಯಾನ್ ಅಂದ್ರ ಮಂದಿಗೆ ಮನ್ಯಾಗಿನ ಫ್ಯಾನ್ ನೆನಪಾಗ್ತೈತಿ, ಅದು ಕರೆಂಟ್ ತಿಂದು ಗಾಳಿ ಬಿಡ್ತೈತಿ, ಹಂಗಾಗಿ ಗುಡ್ಡದ ಮ್ಯಾಲಿನ ಅಷ್ಟು ದೊಡ್ಡ ಫ್ಯಾನ್ ಎಷ್ಟು ಗಾಳಿ ಬಿಡಬೇಡ, ಮ್ವಾಡ ಬಳ್ಳಾರಿಗೆ ಓಡಿ ಹೋಗಬೇಕಲ್ಲ ಅಂತ. ಖರೇ ಅಂದ್ರ ಇದು ಉಲ್ಟಾ, ಗಾಳಿ ತಿಂದು ಕರೆಂಟ್ ಬಿಡೋ ಯಂತ್ರ. ಇದರ ಬೆನ್ನ ಹಿಂದ ಗಾಳಿ ಜೋರಾಗೋದಿಲ್ಲ, ಕಡಿಮಿ ಆಗ್ತೈತಿ. ರೆಕ್ಕಿಯ ಅಡ್ಡ ಕೊಯ್ತ ನೋಡಿದ್ರ ಇಮಾನದ ರೆಕ್ಕಿ ಹಂಗ ಇರ್ತೈತಿ, ಒಂದು ಮಗ್ಗಲು ಉಬ್ಬು, ಗಾಳಿ ಅದರ ಮ್ಯಾಲೆ ಹಾದಾಗ ಉಬ್ಬಿದ ಕಡೆ ಒತ್ತಡ ಕಡಿಮಿ ಆಗಿ ರೆಕ್ಕಿ ಆ ಕಡೆ ಎಳಕೊಂಡು ಹೋಗ್ತೈತಿ, ಗಾಳಿ ದಬ್ಬೋದಕ್ಕಿಂತ ಈ ಎಳತಾನ ಹೆಚ್ಚಿಂದು. ದೂರದಿಂದ ನೋಡಿದ್ರ ಮೆತ್ತಗ ತಿರಗಿದಂಗ ಕಾಣ್ತೈತಿ, ನಿಮಿಷಕ್ಕ 13 ಸುತ್ತು ಅಷ್ಟ, ಆದ್ರ 110 ಮೀಟರ್ ಅಗಲದ ಚಕ್ರದ ಅಂಚು ಅಷ್ಟು ಸುತ್ತಿದ್ರ ತುದಿ ವೇಗ ತಾಸಿಗೆ 270 ಕಿಲೋಮೀಟರ್. ಸೆಕೆಂಡಿಗೆ 8 ಮೀಟರ್ ಗಾಳಿ ಇದ್ದಾಗ ಆ ಚಕ್ರದೊಳಗ ಒಂದು ಸೆಕೆಂಡಿನ್ಯಾಗ 80 ಟನ್‌ಗಿಂತ ಹೆಚ್ಚು ಗಾಳಿ ಹಾದು ಹೋಗ್ತೈತಿ. ಅದರ ಶಕ್ತಿ ಎಲ್ಲಾ ಹಿಂಡಾಕ ಆಗೋದಿಲ್ಲ, ಎಲ್ಲಾ ಹಿಂಡಿದ್ರ ಗಾಳಿ ಅಲ್ಲೇ ನಿಂತು ಹಿಂದಿನ ಗಾಳಿಗೆ ದಾರಿ ಇಲ್ಲದಂಗಾಗ್ತೈತಿ, ನೂರಕ್ಕ 59.3 ಮ್ಯಾಲೆ ಯಾರಿಗೂ ಸಿಗೋದಿಲ್ಲ ಅಂತ ಆಲ್ಬರ್ಟ್ ಬೆಟ್ಸ್ ಅನ್ನೋ ಜರ್ಮನ್ ವಿಜ್ಞಾನಿ 100 ವರ್ಷದ ಹಿಂದನ ಲೆಕ್ಕ ಹಾಕಿಟ್ಟಾರ. ನಮ್ಮ ಮಷೀನ್‌ಗೋಳು 40ರ ಆಸುಪಾಸು ಹಿಂಡತಾವ.

ಇದೆಲ್ಲಾ ಹೇಳಿ ಮುಗಿಸಿದ್ರ ಡಂಬಳದ ಕಡೆ ಒಬ್ರು ಅಜ್ಜಾರು, ಬಾಯಾಗಿನ ಎಲಿ ಅಡಕಿ ಒಂದು ಕಡೆ ಸರಿಸಿ, "ಅದೆಲ್ಲಾ ಇರಲಿ ತಮ್ಮಾ, ಫ್ಯಾನ್ ತಿರಗೋ ದಿನ ಮಳಿ ಬರೋದಿಲ್ಲ, ಮಳಿ ಬರೋ ದಿನ ಫ್ಯಾನ್ ತಿರಗೋದಿಲ್ಲ, ಇದನ್ನ ನಾ ಕಣ್ಣಾರೆ ನೋಡೀನಿ, ಇದಕ್ಕೇನ್ ಹೇಳ್ತಿ?" ಅಂದ್ರು. ನಾನು ಸುಮ್ಕಾದೆ. ಅಜ್ಜಾರ ಮನ್ಯಾಗ ಗ್ವಾಡಿಗೆ ತೂಗಹಾಕಿದ ಕ್ಯಾಲೆಂಡರ್ ಇತ್ತು, ಮಳಿ ಬಂದ ದಿನಕ್ಕ ಪೆನ್ನಿಲೆ ಒಂದು ಗೀಟು, ಜೋರು ಬಂದ್ರ ಎರಡು, ಹಳೇ ಕ್ಯಾಲೆಂಡರ್ ಸುದ್ದಾ ಸುರಳಿ ಸುತ್ತಿ ಮಾಡದಾಗ ಇಟ್ಟಿದ್ರು. ಫೋಟೋ ಹೊಡಕೊಂಡು ಬಂದು ರಾತ್ರಿ ನನ್ನ ಮಾಸ್ಟಿನ ಲೆಕ್ಕದ ಜೋಡಿ ಇಟ್ಟು ನೋಡಿದೆ. ಅಜ್ಜಾರು ಹೇಳಿದ್ದು ಹೆಚ್ಚೂಕಡಿಮಿ ಖರೇನ ಇತ್ತು! ಎರಡು ಗೀಟಿನ ದಿನದಾಗ ಮಧ್ಯಾಹ್ನದ ಗಾಳಿ ಸತ್ತಂಗ ಬಿದ್ದಿತ್ತು, ಮಷೀನ್ ತಿರಗಿ ಕರೆಂಟ್ ಕೊಡಾಕ ಬೇಕಾದ ಸೆಕೆಂಡಿಗೆ 3 ಮೀಟರ್ ಸುದ್ದಾ ಇದ್ದಿಲ್ಲ. ಗಾಳಿ 9, 10 ಮೀಟರ್ ಇದ್ದ ದಿನದ ಕ್ಯಾಲೆಂಡರ್ ಮನಿ ಬಹಳಷ್ಟು ಖಾಲಿ, ಇಲ್ಲಂದ್ರ ಒಂದು ಗೀಟು.

ಅಂದ್ರ ಅಜ್ಜಾರ ಕಣ್ಣು ತಪ್ಪಿಲ್ಲ. ಯಾವುದು ಮುಂದ ಯಾವುದು ಹಿಂದ ಅನ್ನೋದಷ್ಟ ಅದಲು ಬದಲಾಗೈತಿ.

ಇದರ ಬೇರು ಪಶ್ಚಿಮ ಘಟ್ಟದಾಗ ಐತಿ. ಜೂನ್ ಬಂತಂದ್ರ ಆಫ್ರಿಕಾದ ಸೊಮಾಲಿಯಾ ಕರಾವಳಿ ಬಾಜೂಕ ಹಾದು ಅರಬ್ಬೀ ಸಮುದ್ರದ ಮ್ಯಾಲೆ ಒಂದು ಗಾಳಿಯ ಹೊಳಿ ಹರಿಯಾಕ ಹತ್ತತೈತಿ, ಅದರ ಜೋರು ಒಂದು, ಒಂದೂವರಿ ಕಿಲೋಮೀಟರ್ ಎತ್ತರದಾಗ, ಫಿಂಡ್‌ಲೇಟರ್ ಅನ್ನೋ ಹವಾಮಾನ ವಿಜ್ಞಾನಿ 1969ರಾಗ ಅದನ್ನ ವಿವರವಾಗಿ ತೋರಿಸಿಕೊಟ್ರು, ಈಗೂ ಅವರ ಹೆಸರಿಲೆ ಕರೀತಾರ. ಆ ಗಾಳಿ ಘಟ್ಟಕ್ಕ ಬಡದು ಮ್ಯಾಲೆ ಏರಿ ತಣ್ಣಗಾಗಿ ಇದ್ದ ನೀರೆಲ್ಲಾ ಅಲ್ಲೇ ಸುರೀತೈತಿ. ಜುಲೈದಾಗ ಕ್ಯಾಸಲ್‌ರಾಕ್‌ದಿಂದ ಹುಬ್ಬಳ್ಳಿ ಕಡೆ ರೈಲಿನ್ಯಾಗ ಬರ್ರಿ, ಹತ್ತುವಾಗ ಕಿಟಕಿ ಹೊರಗ ಏನೂ ಕಾಣಂಗಿಲ್ಲ ಅಂಥಾ ಮಳಿ, ಅಳ್ನಾವರದಾಗ ಜಿಟಿಜಿಟಿ, ಧಾರವಾಡದಾಗ ಬರೇ ತಂಪು ಹವಾ, ಹುಬ್ಬಳ್ಳಿ ದಾಟಿ ಅಣ್ಣಿಗೇರಿ ಕಡೆ ಹ್ವಾದ್ರ ಧೂಳಾ. ಧಾರವಾಡಕ್ಕ ವರ್ಷಕ್ಕ 800 ಮಿಲಿಮೀಟರ್ ಹತ್ತತ್ತರ ಮಳಿ, ಗದಗಕ್ಕ 600ರ ಆಸುಪಾಸು. ಘಟ್ಟ ಇಳದ ಗಾಳಿಯೊಳಗ ನೀರು ಕಡಿಮಿ, ಇಳಿಯೋ ಗಾಳಿ ಬಿಸಿ ಆಗಿ ಮತ್ತಷ್ಟು ಒಣಗ್ತೈತಿ, ಆದ್ರ ಓಟ ಹಂಗ ಉಳದಿರ್ತೈತಿ. ಬಯಲು ಸೀಮ್ಯಾಗ ತಡೆಯಾಕ ಏನೂ ಇಲ್ಲ, ಕಪ್ಪತಗುಡ್ಡದಂಥಾ ಏಣು ಅಡ್ಡ ಬಂದ್ರ ಅದರ ನೆತ್ತಿ ಮ್ಯಾಲೆ ಗಾಳಿ ಇನ್ನೂ ಒತ್ತಿ ಓಡ್ತೈತಿ. ಗಾಳಿ ಎರಡು ಪಟ್ಟಾದ್ರ ಅದರೊಳಗಿನ ಶಕ್ತಿ ಎಂಟು ಪಟ್ಟು, ಅದಕ್ಕ ನಮ್ಮಂಥಾವ್ರು ಇಂಥಾ ಜಾಗಾನ ಹುಡಕ್ಕೋಂತ ಬರೋದು. ಮಳಿ ಕಡಿಮಿ ಇದ್ದು ಗಾಳಿ ಜೋರು ಇದ್ದ ಊರಿಗೆ ಫ್ಯಾನ್ ಬಂತೇ ಹೊರತು ಫ್ಯಾನ್ ಬಂದು ಊರಿನ ಮಳಿ ಹೋಗಲಿಲ್ಲ. 1876ರಿಂದ 78ರ ತನಕ ಬಿದ್ದ ಬರದಾಗ ಧಾರವಾಡ ಜಿಲ್ಲಾ ತತ್ತರಿಸಿ ಹೋಗಿತ್ತು, ಗದಗ ಆಗ ಅದರೊಳಗ ಇತ್ತು, ಗುಡ್ಡದ ಮ್ಯಾಲೆ ಒಂದ ಫ್ಯಾನಾರ ಇತ್ತೇನು? ಮತ್ತ 2009ರಾಗ, 2019ರಾಗ ಇದ ಸೀಮ್ಯಾಗ ನೆರೆ ಬಂದಾಗ ಫ್ಯಾನ್ ಎಲ್ಲಾ ಇದ್ದಲ್ಲೇ ಇದ್ವು.

ಹಂಗಾದ್ರ ಗದಗಿಗೆ ಮಳಿ ಯಾವಾಗ ಬರ್ತೈತಿ? ಮಿರಗ, ಆರಿದ್ರಿ ಒಳಗ ಗಾಳಿನ ಹೆಚ್ಚು, ಹನಿ ಕಡಿಮಿ. ಖರೇ ಮಳಿ ಹುಬ್ಬಿ, ಉತ್ತರಿ, ಹಸ್ತಕ್ಕ, ಸಪ್ಟಂಬರ್ ಅಕ್ಟೋಬರ್‌ದಾಗ, ಅದಕ್ಕಿಂತ ಮೊದ್ಲ ಮೇ ತಿಂಗಳ ಅಡ್ಡ ಮಳಿ. ಈ ಮಳಿ ಪಡುವಣ ಗಾಳಿ ಹೊತ್ತು ತಂದದ್ದಲ್ಲ, ಬಹಳಷ್ಟು ಇಲ್ಲೇ ಎದ್ದದ್ದು. ಗಾಳಿ ಮಲಗಿರ್ತೈತಿ, ನೆಲ ಕಾದಿರ್ತೈತಿ, ಕುದಿ ಅಂದ್ರ ಕುದಿ, ಬನೀನು ಮೈಗೆ ಅಂಟಿರ್ತೈತಿ, ಆ ಬಿಸಿ ಹಸಿ ಗಾಳಿ ನೆಟ್ಟಗ ಮ್ಯಾಲೆ ಎದ್ದು ಮಧ್ಯಾಹ್ನ ಮೂರು ನಾಕರ ಸುಮಾರಿಗೆ ಗುಡುಗು ಮ್ವಾಡ ಕಟ್ಟತೈತಿ. ಗಾಳಿ ಮಲಗಿದ್ದಕ್ಕ ಫ್ಯಾನ್ ನಿಂತಾವ, ಅಂಥಾ ದಿನಾನ ಮಳಿ. ಎರಡೂ ಒಂದ ಹವಾದ ಮಕ್ಕಳು. ಮನ್ಯಾಗ ಕೊಡಿ ಬಿಚ್ಚಿದ ದಿನ ಎಲ್ಲಾ ಮಳಿ ಬರ್ತೈತಿ ಅಂತ ಕೊಡೀನ ಮಳಿ ತರತೈತಿ ಅಂದಂಗ ಆಗ್ತೈತಿ ಇದು.

ಇಷ್ಟಕ್ಕ ಫ್ಯಾನಿಂದ ಹವಾಕ್ಕ ಏನೂ ಆಗೋದ ಇಲ್ಲ ಅಂತ ನಾನು ಹೇಳೋದಿಲ್ಲ, ನಮ್ಮ ಕಂಪನಿಗೋಳ ಮಂದಿ ಹಂಗ ಹೇಳ್ತಾರ, ಅದು ಅರ್ಧ ಮಾತು. ಡೆನ್ಮಾರ್ಕಿನ ಸಮುದ್ರದಾಗ ಹಾರ್ನ್ಸ್ ರೆವ್ ಅಂತ 80 ಮಷೀನಿಂದು ಒಂದು ತಾಣ ಐತಿ, 2008ರ ಫೆಬ್ರವರಿಯೊಳಗ ಹೆಲಿಕಾಪ್ಟರ್‌ದಿಂದ ತಗದ ಅದರ ಒಂದು ಫೋಟೋ ನಮ್ಮ ಲೈನಿನ್ಯಾಗ ಎಲ್ಲಾರೂ ನೋಡಿರೋದು. ಒಂದೊಂದು ಮಷೀನಿನ ಹಿಂದೂ ಬೆಳ್ಳಗ ಮಂಜಿನ ಬಾಲ, ಸಾಲು ಸಾಲಾಗಿ. ಸಮುದ್ರದ ಮ್ಯಾಲಿನ ಗಾಳಿ ಆವತ್ತು ತೇವದಿಂದ ತುಂಬಿ ತುಳಕೋ ಹಂಗ ಇತ್ತು, ರೆಕ್ಕಿ ಕೆಳಗಿನ ಗಾಳಿ ಮ್ಯಾಲಿನ ಗಾಳಿ ಕಲಸಿದ್ವು, ಮಂಜು ಕಟ್ಟಿತು. ನೋಡ್ರಿ, ಮ್ವಾಡ ಕಡಿಯೋದಿರಲಿ, ಅಲ್ಲಿ ಹುಟ್ಟಿಸಿದ್ವು. ಆದ್ರ ಅದು ಮಂಜು, ಮಳಿ ಅಲ್ಲ.

ಈ ಕಲಸೋ ಕೆಲಸಾನ ಖರೇ ಪರಿಣಾಮ. ಚಳಿಗಾಲದ ರಾತ್ರಿ ನೆಲದ ಹತ್ರದ ಗಾಳಿ ತಣ್ಣಗ ಕುಂತಿರ್ತೈತಿ, ಮ್ಯಾಲಿನದು ಅದಕ್ಕಿಂತ ಬೆಚ್ಚಗ, ರೆಕ್ಕಿ ಎರಡನ್ನೂ ಕೂಡಿಸಿ ತಿರುವಿದ್ರ ನೆಲ ಚೂರು ಬೆಚ್ಚಗಾಗ್ತೈತಿ. ಅಮೆರಿಕಾದ ಟೆಕ್ಸಾಸಿನ್ಯಾಗ ಉಪಗ್ರಹದ ಲೆಕ್ಕ ನೋಡಿ 2012ರಾಗ ವಿಜ್ಞಾನಿಗೋಳು ಇದನ್ನ ತೋರಿಸಿದ್ರು, ಫ್ಯಾನ್ ಇದ್ದ ಜಾಗಾ ಅದರ ಮಗ್ಗಲಿನ ಜಾಗಾಕ್ಕಿಂತ ರಾತ್ರಿ ಜರಾ ಬೆಚ್ಚಗ ಇರ್ತೈತಿ ಅಂತ. ಹೊಸ ಬಿಸಿ ಹುಟ್ಟಿದ್ದಲ್ಲ, ಮ್ಯಾಲಿಂದು ಕೆಳಗ ಬಂದದ್ದು. ನಮ್ಮ ಕಡೆ ಹಿಂಗಾರಿ ಕಡ್ಲಿ, ಬಿಳಿಜ್ವಾಳ ಚಳಿಗೆ, ಇಬ್ಬನಿಗೆ ಬೆಳಿಯೋವು, ಫ್ಯಾನಿನ ಬುಡದ ಹೊಲದಾಗ ಇಬ್ಬನಿ ಕಡಿಮಿ ಬೀಳ್ತೈತೇನು ಅಂತ ಯಾರರ ಕೃಷಿ ವಿಶ್ವವಿದ್ಯಾಲಯದ ಹುಡುಗ್ರು ಥರ್ಮಾಮೀಟರ್ ಇಟ್ಟು ಒಂದೆರಡು ಹಂಗಾಮ ನೋಡಬೇಕು ಅಂತ ನನಗ ಭಾಳ ಆಶಾ. ಚಾದಂಗಡಿಯೊಳಗ ಕೇಳಬೇಕಾದ ಪ್ರಶ್ನೆ ಅದು ಅಂತೀನಿ ನಾನು, ಮಳೀದಲ್ಲ.

ಅಜ್ಜಾರ ಹೊಲಕ್ಕ ಹಿಂಗ ಮಾತಾಡಕೋತ ಒಂದು ಸಲ ನಡಕೊಂಡು ಹೋದಾಗ ಇನ್ನೊಂದು ಕಂಡಿತು. ಫ್ಯಾನಿನ ರೆಕ್ಕಿ ಸಾಗಸಾಕ ದೊಡ್ಡ ಟ್ರೇಲರ್ ಬರಬೇಕು, ಅದಕ್ಕ ಒಂದು ಕಂಪನಿಯವ್ರು ಹೊಲದ ಮ್ಯಾಲ್ಗಡೆ ಮುರುಮಿನ ರಸ್ತಾ ಎತ್ತರಿಸಿ ಹಾಕಿದ್ರು, ನಾನೂ ಆಗ ಆ ಕೆಲಸದಾಗ ಇದ್ದೆ, ಹಂಗಾಗಿ ನನ್ನ ಪಾಲೂ ಐತಿ ಅನ್ರಿ. ಮಳಿ ನೀರು ಈ ಕಡೆ ದಾಟಾಕ ರಸ್ತಾದ ಕೆಳಗ ಒಂದ ಒಂದು ಸಿಮೆಂಟ್ ಪೈಪ್, ಅದೂ ಮುರುಮು, ಪ್ಲಾಸ್ಟಿಕ್ ಚೀಲ, ಜಾಲಿ ಕಂಟಿ ತುಂಬಿ ಬಾಯಿ ಕಟ್ಟಿತ್ತು. ಗುಡ್ಡದಿಂದ ಇಳದ ನೀರು ರಸ್ತಾ ಗುಂಟ ಹರದು ಹಳ್ಳಕ್ಕ ಹೊಂಟಿತ್ತು, ಅಜ್ಜಾರ ಒಡ್ಡಿಗೆ ಬರಬೇಕಾದ ನೀರು ಬರೋದ ಬಿಟ್ಟಿತ್ತು. ಒಡ್ಡಿನ ಬುಡದಾಗ ಮೊದ್ಲ ಹಸಿ ನಿಲ್ತಿದ್ದ ಜಾಗಾದಾಗ ಎರಿ ಬಿರಕು ಬಿಟ್ಟು ನನ್ನ ಕೈ ಮೊಳಕೈ ತನಕ ಇಳೀತು. "ಫ್ಯಾನ್ ಬಂದ ಮ್ಯಾಲೆ ಹೊಲದಾಗ ಹಸಿ ಇಲ್ಲ ಅಂತ ನಾ ಹೇಳ್ಕೋತನ ಬಂದೀನಿ, ನೀವು ಬರೇ ಆಕಾಶ ನೋಡಿದ್ರಿ" ಅಂದ್ರು ಅಜ್ಜಾರು. ಪೈಪ್ ಬಿಡಿಸಾಕ ಜೆಸಿಬಿಗೆ ಅರ್ಧ ದಿನದ ಕೆಲಸ, ಅದಕ್ಕ ಸಹಿ ಮಾಡಸಾಕ ನನಗ ನಾಕು ತಿಂಗಳು.

ಹುಬ್ಬಿ ಮಳಿ ಹೊತ್ತಿಗೆ ಒಂದಿನ ಸಂಜಿಮುಂದ ಅಜ್ಜಾರ ಫೋನ್ ಬಂತು. "ತಮ್ಮಾ, ಒಂದು ತಾಸು ಛಲೋ ಹೊಡೀತು, ನೀರು ಪೈಪಿನ್ಯಾಗ ಹಾದು ನಮ್ಮ ಒಡ್ಡಿಗೆ ಬಂತು." ಛಲೋ ಆತ್ರಿ ಅಜ್ಜಾರ ಅಂದೆ. "ಫ್ಯಾನ್ ಬಂದ್ ಇದ್ವು ನೋಡು ಮತ್ತ," ಅಂತ ನಕ್ಕು ಫೋನ್ ಇಟ್ರು. ಲ್ಯಾಪ್‌ಟಾಪ್ ತಗದು ಅಲ್ಲಿ ಮಾಸ್ಟಿನ ಲೆಕ್ಕ ನೋಡಿದೆ, ಮಧ್ಯಾಹ್ನ ಎರಡರಿಂದ ಮಳಿ ಶುರು ಆಗೋ ತನಕ ಗಾಳಿ ಸೆಕೆಂಡಿಗೆ 2 ಮೀಟರ್ ಸುದ್ದಾ ದಾಟಿದ್ದಿಲ್ಲ. ಬಂದ್ ಇದ್ವು, ಖರೇ.