ವಿಜಯಪುರದಲ್ಲಿ ಎರಡು ದಿನ: ಗುಮ್ಮಟ ಸರಿ, ಹಾಡು ಎಲ್ಲಿ?

ಪ್ರಶ್ನೆ: ನಾವು ಐದು ಜನ ಗೆಳೆಯರು. ಒಂದು ಶನಿವಾರ-ಭಾನುವಾರ ವಿಜಯಪುರಕ್ಕೆ ಹೋಗಬೇಕೆಂದಿದ್ದೇವೆ. ಹಗಲು ಗೋಳಗುಮ್ಮಟ ಮುಂತಾದ್ದನ್ನು ನೋಡಿ, ರಾತ್ರಿ ಎಲ್ಲಾದರೂ ಕೂತು ಲೈವ್ ಸಂಗೀತ ಕೇಳುವ ಆಸೆ. ಅಲ್ಲಿ ಅಂಥದ್ದು ಸಿಗುತ್ತದಾ? ಎರಡು ದಿನ ಸಾಕಾ?

ಉತ್ತರ: ಎರಡು ದಿನ ಸಾಕು. ಹಾಡೂ ಸಿಗುತ್ತದೆ. ಆದರೆ ಫೋನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಲ್ಲಿನ ಹಾಡಿಗೆ ಟಿಕೆಟ್ ಇಲ್ಲ, ಪೋಸ್ಟರೂ ಅಪರೂಪ. ಶನಿವಾರ ರಾತ್ರಿ ಹನುಮಪ್ಪನ ಗುಡಿಯಲ್ಲಿ ಭಜನೆ ಇರುತ್ತದೆ, ಅಷ್ಟೇ. ಹಾಗೆ ನೋಡಿದರೆ ನೀವು ಆರಿಸಿಕೊಂಡ ದಿನವೇ ಸರಿಯಾಗಿದೆ.

ಮೊದಲು ಒಂದು ಮಾತು. ಊರಿಗೆ ಬಂದಿಳಿದ ಕೂಡಲೇ ಗೋಳಗುಮ್ಮಟಕ್ಕೆ ಓಡಬೇಡಿ. ರೈಲಿನಿಂದಲೇ ಅದು ಕಾಣುತ್ತದೆ, ಮನಸ್ಸು ತಡೆಯುವುದಿಲ್ಲ, ನಿಜ. ನಾನೂ ಹಾಗೇ ಓಡಿದ್ದೆ, ಅದೂ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಎರಡು ಶಾಲೆಯ ಮಕ್ಕಳಿದ್ದರು. ಒಬ್ಬ ಸಿಳ್ಳೆ ಹೊಡೆದ, ಇನ್ನೊಬ್ಬ ‘ಅವ್ವಾ’ ಅಂತ ಕೂಗಿದ, ಮಿಕ್ಕವರು ಸುಮ್ನೆ ಇರ್ತಾರಾ? ಒಂದು ಸಂತೆಯನ್ನು ಬಾವಿಯೊಳಗೆ ಇಳಿಸಿದ ಹಾಗಿತ್ತು. ಕಿವಿ ಮುಚ್ಚಿಕೊಂಡು ಇಳಿದು ಬಂದೆವು. ಹಾಗಾಗಿ ಗುಮ್ಮಟವನ್ನು ಭಾನುವಾರದ ನಸುಕಿಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆಯುತ್ತಾರೆ.

ಶನಿವಾರದ ಹಗಲನ್ನು ಇಬ್ರಾಹಿಂ ರೋಜಾದಿಂದ ಶುರು ಮಾಡಿ. ಸಂಗೀತದ ಆಸೆಯಿಂದ ಬರುವವರು ಮೊದಲು ನೋಡಬೇಕಾದ ಜಾಗ ಇದೇ ಅನ್ನುವುದು ನನ್ನ ಲೆಕ್ಕ. ಇಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾ 1580ರಿಂದ 1627ರವರೆಗೆ ಆಳಿದ. ರಾಜ್ಯಕ್ಕಿಂತ ರಾಗದ ಹುಚ್ಚು ಜಾಸ್ತಿ ಇದ್ದವನು. ತಾನೇ ದಖನಿ ಭಾಷೆಯಲ್ಲಿ ಹಾಡು ಕಟ್ಟಿ, ಒಂದೊಂದಕ್ಕೂ ಇಂಥ ರಾಗ ಅಂತ ಗೊತ್ತು ಮಾಡಿ ‘ಕಿತಾಬ್-ಎ-ನೌರಸ್’ ಬರೆದ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿಯದೂ ಇದೆ, ಕಲಬುರಗಿಯ ಸೂಫಿ ಸಂತ ಬಂದೇನವಾಜರದೂ ಇದೆ. ಜನ ಅವನನ್ನು ಜಗದ್ಗುರು ಅಂತಲೇ ಕರೆದರು. ತನ್ನ ತಂಬೂರಿಗೆ ಅವನು ಇಟ್ಟ ಹೆಸರು ಮೋತಿ ಖಾನ್. ಪ್ರೀತಿಯ ಆನೆಗೆ ಹೆಸರಿಟ್ಟ ಹಾಗೆ ತಂಬೂರಿಗೂ ಇಟ್ಟಿದ್ದ! ರೋಜಾದ ಕಿಟಕಿಗಳ ಹತ್ತಿರ ಹೋಗಿ ನೋಡಿ. ಜಾಲರಿ ಅಂತ ಕಾಣುವುದೆಲ್ಲ ಕಲ್ಲಿನಲ್ಲಿ ಕೊರೆದ ಅಕ್ಷರ. ಬೆಳಕು ಅಕ್ಷರಗಳ ಸಂದಿನಿಂದಲೇ ಒಳಗೆ ಬರುತ್ತದೆ.

ಅಲ್ಲಿಂದ ಆಟೋ ಹಿಡಿದು ತೊರವಿಗೆ ಹೋಗಿ, ಊರಿನ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್. ಇದೇ ಇಬ್ರಾಹಿಂ 1599ರಲ್ಲಿ ಅಲ್ಲಿ ನೌರಸಪುರ ಕಟ್ಟಲು ಹೊರಟ. ನವರಸದ ಹೆಸರಿನ ಪಟ್ಟಣ. 1624ರಲ್ಲಿ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರ್ ಬಂದು ಹಾಳುಗೆಡವಿದ. ಈಗ ಉಳಿದಿರುವುದು ಸಂಗೀತ ಮಹಲಿನ ದೊಡ್ಡ ಕಮಾನು. ಮೇಲೆ ಛಾವಣಿ ಇಲ್ಲ. ಬಹಳ ಜನ ಈ ಕಡೆ ಬರುವುದಿಲ್ಲ. ಹೋಗಿ ಕಾಲು ಗಂಟೆ ಕೂತು ಬನ್ನಿ.

ಎತ್ತರದ ಕಾವಲು ಗೋಪುರ ಉಪ್ಪಲಿ ಬುರುಜು, ಅರ್ಧಕ್ಕೇ ನಿಂತ ಗೋರಿ ಬಾರಾಕಮಾನು ಹಾದಿಯಲ್ಲೇ ಆಗುತ್ತವೆ. ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ. ತಟ್ಟಿದರೆ ಗಂಟೆಯ ಹಾಗೆ ನುಡಿಯುತ್ತದೆ ಅನ್ನುತ್ತಾರೆ, ತಟ್ಟಲು ಹೋಗಬೇಡಿ. ಸಂಜೆ ಗಾಂಧಿ ಚೌಕದ ಕಡೆ ಮಿರ್ಚಿ ಭಜಿ, ಚುರುಮುರಿ ತಿನ್ನಿ. ಯಾವುದಾದರೂ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆದರೆ ಹೊಟ್ಟೆ ಬಿರಿಯುವಷ್ಟು ಬೇಡ, ರಾತ್ರಿ ಕೂರಬೇಕಲ್ಲ.

ಇನ್ನು ಹಾಡು. ಆಟೋದವರನ್ನೋ ಖಾನಾವಳಿಯವರನ್ನೋ ಒಂದು ಮಾತು ಕೇಳಿ: “ಇವತ್ತ ಎಲ್ಲಿ ಭಜನಿ ಅದಾವ್ರೀ?” ಊರೊಳಗೋ, ಹತ್ತಿರದ ಹಳ್ಳಿಯಲ್ಲೋ ಒಂದು ಹೆಸರು ಸಿಗುತ್ತದೆ. ನಾವು ಹೋಗಿದ್ದು ಒಂದು ಸಣ್ಣ ಗುಡಿಗೆ. ರಾತ್ರಿ ಹತ್ತಾಗಿತ್ತು. ಹಾರ್ಮೋನಿಯಂ, ತಬಲಾ, ಐದಾರು ಜೋಡಿ ತಾಳ. ಹಾಡುವವರು ಹೊಲದಿಂದ ಬಂದು ಮುಖ ತೊಳೆದು ಕೂತವರು. “ಬರ್ರಿ, ಕುಂದರ್ರಿ” ಅಂದರು. ಹತ್ತು ನಿಮಿಷದಲ್ಲಿ ನನ್ನ ಗೆಳೆಯನ ಕೈಗೂ ಒಂದು ಜೋಡಿ ತಾಳ ಬಂತು. ಷರೀಫರ ತತ್ವಪದ ನಡೆದಿತ್ತು. ಇವನು ತಪ್ಪು ಜಾಗದಲ್ಲಿ ಟಣ್ ಅನ್ನಿಸಿದ. ಪಕ್ಕದ ಕಾಕಾ ಏನೂ ಅನ್ನಲಿಲ್ಲ, ಇವನ ಮಂಡಿ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೂತರು. ಮೂರನೇ ಪದಕ್ಕೆ ಸರಿಹೋಯಿತು.

ನಿಮ್ಮ ಅದೃಷ್ಟಕ್ಕೆ ಜಾತ್ರೆ ಇದ್ದರೆ ಗೀಗೀ ಪದ ಸಿಗಬಹುದು. ಹರದೇಶಿ ಮೇಳ ಗಂಡು ಹೆಚ್ಚು ಅನ್ನುತ್ತದೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಅನ್ನುತ್ತದೆ. ದಪ್ಪು, ತುಂತುಣಿ, ತಾಳ, ನಡುವೆ ಬೆಳತನಕ ಸವಾಲ್-ಜವಾಬ್. ಸೋತವರು ಯಾರು ಅಂತ ನನಗಂತೂ ಒಮ್ಮೆಯೂ ಗೊತ್ತಾಗಿಲ್ಲ.

ಯಾವಾಗ ಬರಬೇಕು? ಹಾಡಿಗಾದರೆ ಶ್ರಾವಣದ ಶನಿವಾರ, ಇಲ್ಲವೇ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತು. ಜಿಲ್ಲಾಡಳಿತದ ನವರಸಪುರ ಉತ್ಸವ ಪ್ರತಿ ವರ್ಷ ತಪ್ಪದೆ ಆಗುವುದಿಲ್ಲ, ಅದನ್ನೇ ನಂಬಿ ರೈಲು ಬುಕ್ ಮಾಡಬೇಡಿ. ಏಪ್ರಿಲ್-ಮೇ ಬೇಡವೇ ಬೇಡ, ಬಿಸಿಲು 40 ದಾಟುತ್ತದೆ. ಗುಡಿಯಲ್ಲಿ ಫೋನಿನ ಲೈಟ್ ಹಾಡುವವರ ಮುಖಕ್ಕೆ ಬಿಡಬೇಡಿ. ಹೋಗುವಾಗ ಒಂದು ತೆಂಗಿನಕಾಯಿ ಒಯ್ದರೆ ಚೆಂದ.

ನಿದ್ದೆಗೆಟ್ಟರೂ ಸರಿ, ಭಾನುವಾರ ಆರಕ್ಕೆ ಗುಮ್ಮಟದ ಬಾಗಿಲಲ್ಲಿರಿ. ಮೂಲೆಯ ಏಳಂತಸ್ತಿನ ಗೋಪುರದೊಳಗೆ ಇಕ್ಕಟ್ಟಾದ ಮೆಟ್ಟಿಲು, ಕೆಲವು ಮೊಣಕಾಲೆತ್ತರ. ಮೇಲೆ ಹೋದ ಮೇಲೆ ಯಾರೂ ಕೂಗಬೇಡಿ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ದನಿ ಎದುರು ಗೋಡೆಗೆ ಹೋಗಿ ತಿರುಗಿ ಬರಲು ಕಾಲು ಸೆಕೆಂಡೂ ಬೇಡ. ಅದಕ್ಕೇ ಉದ್ದ ಮಾತಾಡಿದರೆ ಹಿಂದಿನ ಮಾತು ಮುಂದಿನದನ್ನು ತುಳಿಯುತ್ತದೆ, ಹಾಡಿದರಂತೂ ಕಲಸುಮೇಲೋಗರ. ಪಿಸುಮಾತಿನ ಕಥೆ ಬೇರೆ. ಅದು ದುಂಡನೆಯ ಗೋಡೆಗೆ ಅಂಟಿಕೊಂಡು ಸುತ್ತಿ ಬರುತ್ತದೆ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿ, ಆಚೆ ತುದಿಯ ಗೆಳೆಯ ಗೋಡೆಗೆ ಕಿವಿ ಕೊಡಲಿ.

ಎರಡನೇ ಸಲ ಹೋದಾಗ ನಮ್ಮ ತಾಳದ ಗೆಳೆಯ ರಾತ್ರಿಯ ಪದ ಹಾಡಲು ಬಾಯಿ ತೆರೆದ. ಅಲ್ಲಿದ್ದ ಕಾವಲುಗಾರರು ಕೈ ಅಡ್ಡ ಹಿಡಿದು, “ಹಾಡ ಬ್ಯಾಡ್ರಿ. ಒಂದ ಚಪ್ಪಾಳಿ ಹೊಡೀರಿ, ಸುಮ್ಮ ನಿಂದರ್ರಿ” ಅಂದರು. ಅವನು ಒಂದೇ ಒಂದು ಹೊಡೆದ. ನಾವು ಬೆರಳು ಮಡಿಸುತ್ತ ಎಣಿಸಿದೆವು. ನನಗೆ ಏಳು ಕೇಳಿಸಿತು, ಅವನು ಇವತ್ತಿಗೂ ಎಂಟು ಅನ್ನುತ್ತಾನೆ.